ಮೂರೇ ತಲೆಮಾರಿನಲ್ಲಿ 235 ವರ್ಷ

2025ರ ಮೇ 25ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 96 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಹ್ಯಾರಿಸನ್ ರಫಿನ್ ಟೈಲರ್. ಓದಿದ್ದು ರಸಾಯನ ವಿಜ್ಞಾನ ಮತ್ತು ರಾಸಾಯನಿಕ ಎಂಜಿನಿಯರಿಂಗ್. ನೀರಿನ ಸಂಸ್ಕರಣೆಯ ಕಂಪೆನಿಯೊಂದನ್ನು 1968ರಲ್ಲಿ ಪಾಲುದಾರರೊಬ್ಬರ ಜೊತೆ ಕಟ್ಟಿ ಬೆಳೆಸಿದವರು. ಎಂಜಿನಿಯರೊಬ್ಬರು ತುಂಬು ವಯಸ್ಸಿನಲ್ಲಿ ತೀರಿಕೊಂಡರೆ ಅದು ಸಾಮಾನ್ಯವಾಗಿ ಅವರ ಊರಿನ ಸುದ್ದಿ. ಆದರೆ ಈ ಸಾವು ದೇಶದೇಶಗಳ ಪತ್ರಿಕೆಗಳಲ್ಲಿ ಬಂತು.

ಕಾರಣ, ಅವರ ಅಜ್ಜ. ಮುತ್ತಜ್ಜನೂ ಅಲ್ಲ, ಮುತ್ತಜ್ಜನ ತಂದೆಯೂ ಅಲ್ಲ. ಹೆತ್ತ ತಂದೆಯನ್ನು ಹೆತ್ತ ತಂದೆ. ಆ ಅಜ್ಜ ಅಮೆರಿಕದ 10ನೆಯ ಅಧ್ಯಕ್ಷ ಜಾನ್ ಟೈಲರ್. ಹುಟ್ಟಿದ್ದು 1790ರ ಮಾರ್ಚ್ 29ರಂದು!

1790 ಎಂದರೆ ಎಂಥ ಕಾಲ? ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷನಾಗಿ ವರ್ಷವಾಗುತ್ತಾ ಬಂದಿತ್ತು. ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇತ್ತ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಆಳುತ್ತಿದ್ದ. ರೈಲು ಇಲ್ಲ, ತಂತಿ ಇಲ್ಲ, ಫೋಟೋ ಇಲ್ಲ. ಅಂಥ ಕಾಲದಲ್ಲಿ ಹುಟ್ಟಿದವನ ಮೊಮ್ಮಗ ಮೊಬೈಲ್ ಫೋನಿನ ಈ ಕಾಲದವರೆಗೆ ಬದುಕಿದ್ದರು. ಅಜ್ಜನ ಹುಟ್ಟಿನಿಂದ ಮೊಮ್ಮಗನ ಸಾವಿನವರೆಗೆ 235 ವರ್ಷ. ನಡುವೆ ಇದ್ದುದು ಒಂದೇ ಒಂದು ಕೊಂಡಿ, ತಂದೆ ಲಯನ್ ಗಾರ್ಡಿನರ್ ಟೈಲರ್.

ಲೆಕ್ಕ ಹೊಂದುವುದು ಹೇಗೆ?

ಮೊದಲ ನೋಟಕ್ಕೆ ಇದು ಕಟ್ಟುಕತೆಯಂತೆ ಕಾಣುತ್ತದೆ. ಆದರೆ ಕೂಡುವ, ಕಳೆಯುವ ಲೆಕ್ಕ ಬಲ್ಲವರು ಯಾರೂ ಇದನ್ನು ಪರೀಕ್ಷಿಸಬಹುದು.

ಜಾನ್ ಟೈಲರ್ ಉಪಾಧ್ಯಕ್ಷನಾಗಿ ಆಯ್ಕೆಯಾದವನು. 1841ರಲ್ಲಿ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ ತೀರಿಕೊಂಡಾಗ ಆ ಸ್ಥಾನಕ್ಕೆ ಬಂದ. ಅಮೆರಿಕದ ಚರಿತ್ರೆಯಲ್ಲಿ ಹೀಗೆ ಅಧ್ಯಕ್ಷ ಪದವಿಗೆ ಏರಿದ ಮೊದಲ ಉಪಾಧ್ಯಕ್ಷ ಅವನೇ. ಮೊದಲ ಹೆಂಡತಿ ಲೆಟಿಷಿಯಾಗೆ 8 ಮಕ್ಕಳು. ಆಕೆ 1842ರಲ್ಲಿ ಶ್ವೇತಭವನದಲ್ಲೇ ಕೊನೆಯುಸಿರೆಳೆದಳು. ಎರಡು ವರ್ಷದ ಮೇಲೆ ಟೈಲರ್ ಜೂಲಿಯಾ ಗಾರ್ಡಿನರ್ ಎಂಬ ತರುಣಿಯನ್ನು ಮದುವೆಯಾದ. ವರನಿಗೆ 54, ವಧುವಿಗೆ 24. ಟೈಲರನ ಹಿರಿಯ ಮಗಳು ಮೇರಿ ಹುಟ್ಟಿದ್ದು 1815ರಲ್ಲಿ, ಜೂಲಿಯಾ ಹುಟ್ಟಿದ್ದು 1820ರಲ್ಲಿ. ಎಂದರೆ ಮನೆಗೆ ಬಂದ ಮಲತಾಯಿ ಹಿರಿಯ ಮಗಳಿಗಿಂತ ಐದು ವರ್ಷ ಚಿಕ್ಕವಳು!

ಈ ಎರಡನೆಯ ಮದುವೆಯಿಂದ 7 ಮಕ್ಕಳಾದರು. ಒಟ್ಟು 15. ಅಷ್ಟು ಮಕ್ಕಳ ತಂದೆಯಾದ ಅಧ್ಯಕ್ಷ ಅಮೆರಿಕದಲ್ಲಿ ಇನ್ನೊಬ್ಬನಿಲ್ಲ. ಕೊನೆಯ ಮಗಳು ಪರ್ಲ್ ಹುಟ್ಟಿದ್ದು 1860ರಲ್ಲಿ. ಆಗ ತಂದೆಗೆ 70 ವರ್ಷ. ಒಬ್ಬನೇ ತಂದೆಯ ಹಿರಿಯ ಮಗಳಿಗೂ ಕಿರಿಯ ಮಗಳಿಗೂ 45 ವರ್ಷದ ಅಂತರ.

ಜೂಲಿಯಾಳ ಮಕ್ಕಳಲ್ಲಿ ಒಬ್ಬನಾದ ಲಯನ್ ಹುಟ್ಟಿದ್ದು 1853ರಲ್ಲಿ. ತಂದೆಗೆ ಆಗ 63. ಮುಂದೆ ಇತಿಹಾಸಕಾರನಾಗಿ ಹೆಸರು ಮಾಡಿದ ಲಯನ್, ವಿಲಿಯಂ ಅಂಡ್ ಮೇರಿ ಕಾಲೇಜಿಗೆ 1888ರಿಂದ 1919ರವರೆಗೆ ಅಧ್ಯಕ್ಷನಾಗಿದ್ದ. 1921ರಲ್ಲಿ ಅವನ ಹೆಂಡತಿ ತೀರಿಕೊಂಡಳು. 1923ರಲ್ಲಿ, 70 ತುಂಬಿದ ಮೇಲೆ, ಅವನು ಸ್ಯೂ ರಫಿನ್ ಎಂಬಾಕೆಯನ್ನು ಮದುವೆಯಾದ. ಹ್ಯಾರಿಸನ್ ಹುಟ್ಟಿದ್ದು 1928ರ ನವೆಂಬರ್ 9ರಂದು. ತಂದೆಗೆ 75 ದಾಟಿತ್ತು.

63ಕ್ಕೆ 75 ಕೂಡಿಸಿದರೆ 138. 1790ಕ್ಕೆ 138 ಕೂಡಿಸಿದರೆ 1928. ಲೆಕ್ಕ ಸರಿಹೋಯಿತು. ಅಜ್ಜ ಸತ್ತದ್ದು 1862ರಲ್ಲಿ. ಅದಾಗಿ 66 ವರ್ಷ ಕಳೆದ ಮೇಲೆ ಮೊಮ್ಮಗ ಹುಟ್ಟಿದ.

ತಲೆಮಾರು ಎಂದರೆ ಎಷ್ಟು?

ತಲೆಮಾರು ಎಂದೊಡನೆ 25 ವರ್ಷ ಎನ್ನುವುದು ರೂಢಿಯ ಲೆಕ್ಕ. ಇದು ತೀರಾ ತಪ್ಪೇನಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡಿ.ಎನ್.ಎ.ಯಲ್ಲಿ ಉಳಿದಿರುವ ಗುರುತುಗಳ ಆಧಾರದಿಂದ ಇದೇ ಪ್ರಶ್ನೆಯನ್ನು ಕೇಳಿ 2023ರಲ್ಲಿ ಉತ್ತರ ಪ್ರಕಟಿಸಿದರು. ಕಳೆದ ಎರಡೂವರೆ ಲಕ್ಷ ವರ್ಷಗಳಲ್ಲಿ ಮಾನವನ ಒಂದು ತಲೆಮಾರು ಸರಾಸರಿ 26.9 ವರ್ಷವಿತ್ತು ಎಂಬುದು ಅವರ ಅಂದಾಜು. ಮಗು ಹುಟ್ಟಿದಾಗ ತಂದೆಯ ಸರಾಸರಿ ವಯಸ್ಸು 30.7, ತಾಯಿಯದು 23.2.

ಆದರೆ ಸರಾಸರಿ ಎಂಬುದು ಗುಂಪಿಗೆ ಹೇಳುವ ಮಾತು, ಒಂಟಿ ಮನೆಗೆ ಹೇಳುವ ಮಾತಲ್ಲ. ತರಗತಿಯ ಸರಾಸರಿ ಅಂಕ 60 ಇದ್ದ ಮಾತ್ರಕ್ಕೆ ಪ್ರತಿ ವಿದ್ಯಾರ್ಥಿಯೂ 60 ತೆಗೆದಿರುತ್ತಾನೆಯೆ? ಹಾಗೆಯೇ ಇದೂ. ಕಾಲ ನಮೂದಿಸದ ಶಾಸನಗಳಲ್ಲಿ ರಾಜರ ವಂಶಾವಳಿ ಮಾತ್ರ ಸಿಕ್ಕಿದಾಗ ಇತಿಹಾಸಕಾರರು ತಲೆಗೆ 25 ವರ್ಷ ಹಿಡಿದು ಹಿಂದಕ್ಕೆ ಎಣಿಸುವುದುಂಟು. ಹ್ಯಾರಿಸನ್ ಟೈಲರ್ ವಂಶಕ್ಕೆ ಈ ಸೂತ್ರ ಹಾಕಿದರೆ? 1928ರಿಂದ ಎರಡು ತಲೆಮಾರು, ಅಂದರೆ 50 ವರ್ಷ ಹಿಂದಕ್ಕೆ ಹೋದರೆ 1878. ಅಜ್ಜ ನಿಜವಾಗಿ ಹುಟ್ಟಿದ್ದು 1790. ಎರಡೇ ತಲೆಮಾರಿನಲ್ಲಿ 88 ವರ್ಷದ ತಪ್ಪು! ತಲೆಮಾರುಗಳು ಹತ್ತು ಹದಿನೈದಿದ್ದರೆ ಉದ್ದದವೂ ಗಿಡ್ಡದವೂ ಬೆರೆತು ಸರಾಸರಿಗೆ ಹತ್ತಿರವಾಗುತ್ತವೆ. ಎರಡು ಮೂರರಲ್ಲಿ ಆ ಭರವಸೆ ಇಲ್ಲ.

ಇನ್ನೊಂದು ವಿಶೇಷವಿದೆ. ಎಲ್ಲರಿಗೂ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುಂದೆ 8, 16, 32 ಹೀಗೆ ಇಮ್ಮಡಿಯಾಗುತ್ತಾ ಹೋಗುತ್ತಾರೆ. ಹ್ಯಾರಿಸನ್ ಪಾಲಿಗೆ 1790ರಲ್ಲಿ ಹುಟ್ಟಿದ ವ್ಯಕ್ತಿ ನಾಲ್ವರಲ್ಲಿ ಒಬ್ಬ. ಅವರ ಜೊತೆ ಶಾಲೆಯಲ್ಲಿ ಕುಳಿತ ಬೇರೆ ಹುಡುಗನಿಗೆ, ತಲೆಮಾರು 27-28 ವರ್ಷವೆಂದರೂ, ಅದೇ ಕಾಲದ ಹಿರಿಯ 32 ಜನರಲ್ಲಿ ಒಬ್ಬ. ಒಬ್ಬನಲ್ಲಿ ಆ ಹಿರಿಯನ ವಂಶವಾಹಿಗಳ ಪಾಲು ಸುಮಾರು ಕಾಲು ಭಾಗ, ಇನ್ನೊಬ್ಬನಲ್ಲಿ ನೂರಕ್ಕೆ ಮೂರರಷ್ಟು.

ತಂದೆಗೆ ಸಾಧ್ಯ, ತಾಯಿಗೇಕೆ ಅಲ್ಲ?

ಇಂಥ ಉದ್ದನೆಯ ಅಂತರಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವೆಲ್ಲ ತಂದೆಯ ಕಡೆಯಿಂದಲೇ ಬಂದವು. ಇದಕ್ಕೆ ಕಾರಣ ದೇಹರಚನೆಯಲ್ಲೇ ಇದೆ.

ಹೆಣ್ಣಿನ ದೇಹದಲ್ಲಿ ಅಂಡಾಣುಗಳ ದಾಸ್ತಾನು ಅವಳು ಹುಟ್ಟುವ ಮೊದಲೇ ಸಿದ್ಧವಾಗಿರುತ್ತದೆ. ಯೋಚಿಸಿದರೆ ಸೋಜಿಗ: ಇಂದು ಶಾಲೆಗೆ ಹೋಗುವ ಹುಡುಗಿಯೊಬ್ಬಳು ಯಾವ ಅಂಡಾಣುವಿನಿಂದ ಬಂದಳೋ ಅದು ರೂಪುಗೊಂಡದ್ದು ಅವಳ ತಾಯಿ ಇನ್ನೂ ಅಜ್ಜಿಯ ಗರ್ಭದಲ್ಲಿದ್ದಾಗ. ಈ ದಾಸ್ತಾನು ವರ್ಷ ಕಳೆದಂತೆ ಕರಗುತ್ತಾ ಬಂದು ಸುಮಾರು 50ರ ಹೊತ್ತಿಗೆ ಮುಗಿಯುತ್ತದೆ. ತಾಯ್ತನಕ್ಕೆ ಪ್ರಕೃತಿ ಹಾಕಿದ ಗಡಿ ಅದು.

ಗಂಡಿನಲ್ಲಿ ಹಾಗಲ್ಲ. ಹದಿಹರೆಯದಿಂದ ಮುಂದೆ ಮೂಲಕೋಶಗಳು ಒಡೆದು ಒಡೆದು ಹೊಸ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ. ಈ ಕೋಶಗಳು ವರ್ಷಕ್ಕೆ ಸುಮಾರು 23 ಬಾರಿ ವಿಭಜನೆಯಾಗುತ್ತವೆ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ವಯಸ್ಸಾದಂತೆ ಶಕ್ತಿ ಕುಂದಿದರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದಲೇ 75ರಲ್ಲೂ ಒಬ್ಬ ತಂದೆಯಾಗಬಲ್ಲ.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಕೋಶ ಒಡೆಯುವ ಪ್ರತಿ ಸಲವೂ ಅದರೊಳಗಿನ ಡಿ.ಎನ್.ಎ. ನಕಲಾಗಬೇಕು. ಡಿ.ಎನ್.ಎ.ಯನ್ನು ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ ಎಂದುಕೊಳ್ಳಬಹುದು. ಒಬ್ಬ ವಿದ್ಯಾರ್ಥಿಯ ನೋಟ್ಸನ್ನು ಇನ್ನೊಬ್ಬ, ಅವನದನ್ನು ಮತ್ತೊಬ್ಬ ನಕಲು ಮಾಡುತ್ತಾ ಹೋದರೆ ಅಲ್ಲಲ್ಲಿ ಕಾಗುಣಿತ ತಪ್ಪುತ್ತದೆ. ಕೋಶದಲ್ಲೂ ಅಷ್ಟೆ. ಈ ತಪ್ಪಿಗೆ ವಿಜ್ಞಾನದಲ್ಲಿ ಉತ್ಪರಿವರ್ತನೆ ಎಂದು ಹೆಸರು.

ಈ ಗುಟ್ಟು ಒಮ್ಮೆಲೇ ಬಯಲಾದುದಲ್ಲ. 1912ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ ಒಂದು ಸಂಗತಿ ಗಮನಿಸಿದ. ಕೈಕಾಲು ಗಿಡ್ಡವಾಗಿ ಬೆಳೆಯುವ ಒಂದು ಬಗೆಯ ಕುಬ್ಜತೆ, ಮನೆಯ ಕೊನೆಕೊನೆಯ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದು. 1947ರಲ್ಲಿ ಜೆ.ಬಿ.ಎಸ್. ಹಾಲ್ಡೇನ್, ರಕ್ತ ಹೆಪ್ಪುಗಟ್ಟದ ಕುಸುಮರೋಗದ ಮನೆತನಗಳನ್ನು ಅಧ್ಯಯನ ಮಾಡಿ, ಹೊಸ ಉತ್ಪರಿವರ್ತನೆಗಳು ಗಂಡಸರಲ್ಲೇ ಹೆಚ್ಚು ಮೂಡುತ್ತವೆ ಎಂದು ತೋರಿಸಿದರು. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಕೊನೆಯ ಮಕ್ಕಳ ವಿಷಯದಲ್ಲಿ ಮುಖ್ಯವಾದುದು ತಂದೆಯ ವಯಸ್ಸು ಎಂಬುದನ್ನು 1955ರಲ್ಲಿ ಬ್ರಿಟನ್ನಿನ ಲಯನೆಲ್ ಪೆನ್‌ರೋಸ್ ಸ್ಪಷ್ಟಪಡಿಸಿದರು.

ಡಿ.ಎನ್.ಎ.ಯನ್ನು ಅಕ್ಷರ ಅಕ್ಷರವಾಗಿ ಓದುವ ಕಾಲ ಬಂದ ಮೇಲೆ ಇದಕ್ಕೆ ಅಂಕಿಗಳೂ ದೊರೆತವು. ಐಸ್‌ಲ್ಯಾಂಡಿನ ವಿಜ್ಞಾನಿಗಳು ತಂದೆ, ತಾಯಿ, ಮಗು ಹೀಗೆ ಮೂವರ 1,548 ಗುಂಪುಗಳನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿಗೆ ಬರುವ ಹೊಸ ತಪ್ಪುಗಳು ಸರಾಸರಿ ಒಂದೂವರೆಯಷ್ಟು ಏರುತ್ತವೆ. ತಾಯಿಯ ಕಡೆಯಿಂದಲೂ ಏರಿಕೆ ಉಂಟು. ಆದರೆ ಅದು ಇದರ ಕಾಲು ಭಾಗದಷ್ಟೆ.

ಇದನ್ನು ಓದಿ ಯಾರೂ ಗಾಬರಿಯಾಗಬೇಕಾಗಿಲ್ಲ. 300 ಕೋಟಿ ಅಕ್ಷರಗಳಲ್ಲಿ ಕೆಲವು ಹತ್ತು ಅಕ್ಷರ ಬದಲಾದರೆ ಬಹುಪಾಲು ಏನೂ ಆಗುವುದಿಲ್ಲ. ವಯಸ್ಸಾದ ತಂದೆಯರ ಹೆಚ್ಚಿನ ಮಕ್ಕಳು ಎಲ್ಲರಂತೆ ಆರೋಗ್ಯವಾಗಿಯೇ ಇರುತ್ತಾರೆ. ಕೆಲವು ಅಪರೂಪದ ಕಾಯಿಲೆಗಳ ಸಂಭವ ಮಾತ್ರ ಸ್ವಲ್ಪ ಹೆಚ್ಚು.

ಹಾಗೆಂದು ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೂ ಹಾರಬಾರದು. ಹ್ಯಾರಿಸನ್ 96 ವರ್ಷ ಬದುಕಿದರು, ಅವರ ಅಣ್ಣ 2020ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಗಾದರೆ ಮುದಿ ತಂದೆಯ ಮಕ್ಕಳಿಗೆ ಆಯುಷ್ಯ ಹೆಚ್ಚೆ? ಅಲ್ಲ. ಹೆಚ್ಚು ಕಾಲ ಬದುಕಿದ್ದರಿಂದಲೇ ಅವರು ಸುದ್ದಿಯಾದರು. ಅವರಿಗೆ ಇನ್ನೊಬ್ಬ ಸೋದರನಿದ್ದ. ಅವನು ಕೂಸಾಗಿದ್ದಾಗಲೇ ತೀರಿಕೊಂಡ. ಅವನನ್ನು ಯಾವ ಪತ್ರಿಕೆಯೂ ನೆನೆಯಲಿಲ್ಲ. ಕಣ್ಣಿಗೆ ಬಿದ್ದ ಉದಾಹರಣೆಗಳನ್ನಷ್ಟೇ ಎಣಿಸಿ ನಿಯಮ ಕಟ್ಟಬಾರದು ಎಂಬ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

155 ವರ್ಷ ಬಾಳಿದ ಪಿಂಚಣಿ

ಟೈಲರ್ ಮನೆತನದ್ದೊಂದೇ ಕತೆಯಲ್ಲ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ 1861ರಲ್ಲಿ ಆರಂಭವಾಗಿ 1865ರಲ್ಲಿ ಮುಗಿಯಿತು. ಆ ಯುದ್ಧದ ಕೊನೆಯ ಪಿಂಚಣಿಯನ್ನು ಅಮೆರಿಕ ಸರ್ಕಾರ ಕೊಟ್ಟದ್ದು ಯಾವಾಗ? 2020ರಲ್ಲಿ!

ಮೋಸ್ ಟ್ರಿಪ್ಲೆಟ್ ಎಂಬವನು 1846ರಲ್ಲಿ ಹುಟ್ಟಿದ. ಮೊದಲು ದಕ್ಷಿಣದ ಸೇನೆಯಲ್ಲಿದ್ದ. 1863ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಮರುವರ್ಷ ಉತ್ತರದ ಸೇನೆ ಸೇರಿದ. ಇಳಿವಯಸ್ಸಿನಲ್ಲಿ ಎರಡನೆಯ ಮದುವೆಯಾಗಿ, 83ನೆಯ ವಯಸ್ಸಿನಲ್ಲಿ, 1930ರ ಜನವರಿಯಲ್ಲಿ ಐರೀನ್ ಎಂಬ ಮಗಳ ತಂದೆಯಾದ. ಸ್ವತಂತ್ರವಾಗಿ ದುಡಿದು ಬದುಕಲಾಗದ ಸಂತಾನಕ್ಕೆ ಪಿಂಚಣಿ ಸಲ್ಲಬೇಕೆಂಬ ನಿಯಮದಂತೆ ಆಕೆಗೆ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. 2020ರ ಮೇ 31ರಂದು ತಮ್ಮ 90ನೆಯ ವಯಸ್ಸಿನಲ್ಲಿ ಐರೀನ್ ತೀರಿಕೊಂಡಾಗ ಆ ಖಾತೆ ಮುಚ್ಚಿತು. ಯುದ್ಧ ಮುಗಿದು ಆಗ 155 ವರ್ಷ. ಯುದ್ಧವೊಂದರ ಖರ್ಚು ಯುದ್ಧಭೂಮಿಯಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಇದೊಂದು ಸರ್ಕಾರಿ ದಾಖಲೆ.

ಗುಲಾಮನ ಮಗ

ಆ ಯುದ್ಧ ನಡೆದದ್ದು ಗುಲಾಮಗಿರಿಯ ಪ್ರಶ್ನೆಯ ಮೇಲೆ. ಅಧ್ಯಕ್ಷ ಜಾನ್ ಟೈಲರ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು. ಷರ್‌ವುಡ್ ಫಾರೆಸ್ಟ್ ಎಂಬ ಅವನ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರು ಅವರೇ. ರಾಜ್ಯಗಳು ಒಡೆದಾಗ ಅವನು ದಕ್ಷಿಣದ ಪಕ್ಷ ವಹಿಸಿ ಅಲ್ಲಿನ ಕಾಂಗ್ರೆಸ್ಸಿಗೆ ಆಯ್ಕೆಯಾದ. ಅಧಿವೇಶನ ಸೇರುವ ಮೊದಲೇ ತೀರಿಕೊಂಡ. ಆ ಮನೆಯನ್ನು ಮೊಮ್ಮಗ ಹ್ಯಾರಿಸನ್ 1975ರಲ್ಲಿ ಕೊಂಡು ಜೀರ್ಣೋದ್ಧಾರ ಮಾಡಿದರು.

ಅದೇ ವರ್ಜೀನಿಯಾದಲ್ಲಿ, ಅದೇ ಯುದ್ಧದ ದಿನಗಳಲ್ಲಿ, ಗುಲಾಮ ತಾಯಿಯ ಮಗುವಾಗಿ ಏಬ್ರಂ ಸ್ಮಿತ್ ಎಂಬ ಹುಡುಗ ಹುಟ್ಟಿದ. ಹುಟ್ಟುತ್ತಲೇ ಅವನು ಇನ್ನೊಬ್ಬರ ಸ್ವತ್ತು. ಯುದ್ಧ ಮುಗಿದು ಬಿಡುಗಡೆಯಾಯಿತು. ಅವನಿಗೆ ಸುಮಾರು 70 ವರ್ಷವಾಗಿದ್ದಾಗ, 1932ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ ಡೇನಿಯಲ್ ಎಂಬ ಮಗ ಹುಟ್ಟಿದ. ಶನಿವಾರ ರಾತ್ರಿಗಳಲ್ಲಿ ಊಟವಾದ ಮೇಲೆ ತಂದೆ ದೊಡ್ಡ ಮಕ್ಕಳಿಗೆ ಹಳೆಯ ಕತೆಗಳನ್ನು ಹೇಳುತ್ತಿದ್ದ. ಪುಟ್ಟ ಡೇನಿಯಲ್ ಹಾಸಿಗೆಯಿಂದ ಮೆಲ್ಲಗೆ ಎದ್ದು ಬಂದು ಕದ್ದು ಕೇಳುತ್ತಿದ್ದ. ಗುಲಾಮರನ್ನು ಕಟ್ಟಿ ಚಾಟಿಯಿಂದ ಹೊಡೆಯುತ್ತಿದ್ದ ಕಂಬದ ಕತೆ, ನೇಣು ಹಾಕುತ್ತಿದ್ದ ಮರದ ಕತೆ. ಕೇಳಿ ಅಳುತ್ತಿದ್ದ.

ಡೇನಿಯಲ್ ಸ್ಮಿತ್ ಬೆಳೆದು ದೊಡ್ಡವರಾದರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಾಯಕರಲ್ಲಿ ಒಬ್ಬರಾಗಿದ್ದ ವಾಷಿಂಗ್ಟನ್ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. 1965ರಲ್ಲಿ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ಹೋರಾಟದಲ್ಲೂ ಇದ್ದರು. 2009ರಲ್ಲಿ ಕರಿಯ ಜನಾಂಗದ ಬರಾಕ್ ಒಬಾಮ ಅಧ್ಯಕ್ಷರಾದುದನ್ನು ಕಂಡರು. 2022ರ ಅಕ್ಟೋಬರ್ 19ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುಲಾಮಗಿರಿ ಎಂಬುದು ಪಠ್ಯಪುಸ್ತಕದಲ್ಲಿ ಪರೀಕ್ಷೆಗೆ ಓದುವ ಅಧ್ಯಾಯ. ಆದರೆ ಗುಲಾಮನಾಗಿ ಹುಟ್ಟಿದವನ ಸ್ವಂತ ಮಗ ತೀರಾ ಈಚಿನವರೆಗೆ ನಮ್ಮ ನಡುವೆ ಬದುಕಿದ್ದರು. ಗುಲಾಮರ ಒಡೆಯನಾಗಿದ್ದವನ ಮೊಮ್ಮಗನೂ ಬದುಕಿದ್ದರು. ಹಳೆಯದಾಯಿತು, ಮರೆತುಬಿಡಿ ಎಂದು ಹೇಳುವ ಮೊದಲು ಎಷ್ಟು ಹಳೆಯದು ಎಂದು ಎಣಿಸಿ ನೋಡಬೇಕು.

ನೆಪೋಲಿಯನ್ನನನ್ನು ಕಂಡ ಅಜ್ಜ

ತತ್ವಜ್ಞಾನಿ, ಗಣಿತಜ್ಞ ಬರ್ಟ್ರಂಡ್ ರಸೆಲ್ ಅವರದೂ ಇಂಥದೇ ಮನೆ. ಅವರ ಅಜ್ಜ, ಎರಡು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾರ್ಡ್ ಜಾನ್ ರಸೆಲ್ ಹುಟ್ಟಿದ್ದು 1792ರಲ್ಲಿ. ಎಲ್ಬಾ ದ್ವೀಪದಲ್ಲಿ ಗಡಿಪಾರಾಗಿದ್ದ ನೆಪೋಲಿಯನ್ನನನ್ನು 1814ರಲ್ಲಿ ಅವನು ಮುಖತಃ ಕಂಡು ಮಾತನಾಡಿದ್ದ. ನಾಲ್ಕು ತುಂಬುವುದರೊಳಗೆ ತಂದೆತಾಯಿಯನ್ನು ಕಳೆದುಕೊಂಡ ಬರ್ಟ್ರಂಡ್ ಬೆಳೆದದ್ದು ಈ ಅಜ್ಜನ ಮನೆಯಲ್ಲೇ. ಬರ್ಟ್ರಂಡ್ ತೀರಿಕೊಂಡದ್ದು 1970ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ಮರುವರ್ಷ. ಅವರಿಗೆ 64 ವರ್ಷವಾಗಿದ್ದಾಗ ಹುಟ್ಟಿದ ಮಗ, ಇತಿಹಾಸಕಾರ ಕಾನ್ರಾಡ್ ರಸೆಲ್, 2004ರವರೆಗೆ ಬದುಕಿದ್ದರು.

ಮಕ್ಕಳು ತೆತ್ತ ಬೆಲೆ

ಈ ಕತೆಗಳನ್ನು ಕೇಳಿ ಬೆರಗಾಗುವುದು ಸಹಜ. ಆದರೆ ಮಕ್ಕಳ ಕಡೆಯಿಂದ ನೋಡಿದರೆ ಇನ್ನೊಂದು ಲೆಕ್ಕ ಕಾಣುತ್ತದೆ. ಅಧ್ಯಕ್ಷ ಟೈಲರ್ ಸತ್ತಾಗ ಮಗ ಲಯನ್‌ಗೆ 8 ವರ್ಷ. ಲಯನ್ 1935ರಲ್ಲಿ ಸತ್ತಾಗ ಮಗ ಹ್ಯಾರಿಸನ್‌ಗೆ 6. ಏಬ್ರಂ ಸ್ಮಿತ್ ಸತ್ತಾಗ ಮಗ ಡೇನಿಯಲ್‌ಗೂ 6. ಮೋಸ್ ಟ್ರಿಪ್ಲೆಟ್ 1938ರಲ್ಲಿ ಸತ್ತಾಗ ಐರೀನ್‌ಗೆ 8. ಅಕ್ಷರ ಕಲಿಯುವ ವಯಸ್ಸಿನಲ್ಲಿ ಇವರೆಲ್ಲ ತಂದೆಯಿಲ್ಲದ ಮಕ್ಕಳಾದರು. ಸಾಕಿ ಬೆಳೆಸುವ ಹೊಣೆ ತಾಯಂದಿರ ಹೆಗಲಿಗೆ ಬಿತ್ತು. ತಂದೆಯಿಂದ ಕೇಳಿ ತಿಳಿಯಬೇಕಾದುದನ್ನು ಬೇರೆಯವರಿಂದ, ಕಾಗದಪತ್ರಗಳಿಂದ ತಿಳಿಯಬೇಕಾಯಿತು. ಶತಮಾನಗಳನ್ನು ಜೋಡಿಸುವ ಕೊಂಡಿ ಉದ್ದವಿದ್ದಷ್ಟೂ ತೆಳ್ಳಗಿರುತ್ತದೆ.

ಡೇನಿಯಲ್ ಆ ಶನಿವಾರದ ರಾತ್ರಿಗಳಲ್ಲಿ ನಿದ್ದೆ ಹೋಗಿದ್ದರೆ? ತಂದೆ ಕಂಡ ಬದುಕು ಆ ಮಗನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಮನೆಮನೆಯಲ್ಲೂ ಹೀಗೆ ಕೇಳದೆ ಉಳಿದ ಕತೆಗಳಿರುತ್ತವೆ.

ಇದನ್ನು ಪರೀಕ್ಷಿಸಲು ಹಾಳೆ, ಪೆನ್ಸಿಲ್ ಸಾಕು. ವಿದ್ಯಾರ್ಥಿಗಳು ಕೆಳಗೆ ತಮ್ಮ ಹೆಸರು, ಹುಟ್ಟಿದ ವರ್ಷ ಬರೆದುಕೊಳ್ಳಲಿ. ಮೇಲೆ ತಂದೆ, ತಾಯಿ. ಅದರ ಮೇಲೆ ನಾಲ್ವರು ಅಜ್ಜ ಅಜ್ಜಿಯರು. ಸಾಧ್ಯವಾದರೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರು. ವರ್ಷ ಗೊತ್ತಿಲ್ಲದಿದ್ದರೆ ಹಿರಿಯರನ್ನು ಕೇಳಬೇಕು. ಯಾವ ಬರಗಾಲದಲ್ಲಿ, ಯಾವ ಮಳೆಗಾಲದಲ್ಲಿ, ಯಾವ ಕೆರೆ ಒಡೆದ ವರ್ಷ ಹುಟ್ಟಿದ್ದು ಎಂಬ ಗುರುತಾದರೂ ಸಿಗುತ್ತದೆ. ಆಮೇಲೆ ಪ್ರತಿ ಗೆರೆಯ ಪಕ್ಕ ಅಂತರ ಬರೆದು ಸರಾಸರಿ ತೆಗೆಯಲಿ. ತಾಯಿಯ ಕಡೆಯ ಅಂತರ, ತಂದೆಯ ಕಡೆಯ ಅಂತರ ಬೇರೆಬೇರೆಯಾಗಿ ನೋಡಲಿ. ಅಕ್ಕನ ಮಗನಿಗಿಂತ ಚಿಕ್ಕವನಾದ ಸೋದರಮಾವ ಸಿಕ್ಕಿದರೂ ಸಿಗಬಹುದು!

ತಂದೆತಾಯಂದಿರು ಮಾಡಬೇಕಾದ ಕೆಲಸವೂ ಒಂದಿದೆ. ಊಟವಾದ ಮೇಲೆ ಟೀವಿ, ಮೊಬೈಲ್ ಬದಿಗಿಟ್ಟು ಅಜ್ಜಿಯ ಬಳಿ ಮಕ್ಕಳನ್ನು ಕೂರಿಸಬೇಕು. ಅವರು ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಬೇಕು. ಹ್ಯಾರಿಸನ್ ಟೈಲರರಂತೆ ಅಜ್ಜನನ್ನು ಕಾಣಲೂ ಆಗದೆ, ತಂದೆಯನ್ನು ಆರನೆಯ ವಯಸ್ಸಿಗೇ ಕಳೆದುಕೊಂಡವರಿಗೆ ಕೇಳಲು ಯಾರಿದ್ದರು? ಕೇಳಲು ಯಾರಾದರೂ ಇನ್ನೂ ಮನೆಯಲ್ಲಿರುವವರು ಈ ಭಾನುವಾರವೇ ಕೇಳಿಬಿಡುವುದು ಒಳ್ಳೆಯದು.